ಫಿಶ್ ಟ್ಯಾಂಕಿಗೆ ಹಾವು ಬರುವುದಾದರೆ ಮೊದಲು ಮುಚ್ಚಳ ನೋಡಿ

ಸಾಕುಪ್ರಾಣಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹಾವಿನದೇ ಕಾರುಬಾರು. ನಾಯಿ, ಬೆಕ್ಕು, ಗಿಳಿಯವರು ಬೇಸರ ಮಾಡಿಕೊಳ್ಳಬೇಡಿ, ಮುಂದಿನ ಸಂಚಿಕೆ ನಿಮಗೇ.

ಪ್ರಶ್ನೆ: ನಾವು ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿದ್ದೇವೆ. ಕೊರೊನಾ ಕಾಲದಲ್ಲಿ ಮೀನು ಸಾಕೋಣ ಅಂತ ತಂದ 40 ಗ್ಯಾಲನ್ ಟ್ಯಾಂಕ್ ಮೂರು ವರ್ಷದಿಂದ ಬೇಸ್‌ಮೆಂಟಿನಲ್ಲಿ ಖಾಲಿ ಬಿದ್ದಿದೆ. ಒಂದು ಮೂಲೆಯಲ್ಲಿ ನೀರು ಒಸರುತ್ತಿತ್ತು, ಅದಕ್ಕೇ ಬಿಟ್ಟೆವು. ಈಗ 11 ವರ್ಷದ ಮಗಳು ಕಾರ್ನ್ ಸ್ನೇಕ್ ಅನ್ನುವ ವಿಷವಿಲ್ಲದ ಹಾವು ಬೇಕೇ ಬೇಕು ಅಂತ ಹಟ ಹಿಡಿದಿದ್ದಾಳೆ. ಹೀಟರ್, ಫಿಲ್ಟರ್, ಲೈಟ್, ಕಲ್ಲು ಎಲ್ಲ ಹಾಗೇ ಇವೆ. ಇದನ್ನೇ ಹಾವಿನ ಮನೆ ಮಾಡಬಹುದಾ? ನನ್ನ ಹೆಂಡತಿಯದು ಒಂದೇ ಷರತ್ತು: ಅದು ಹೊರಗೆ ಬರಕೂಡದು.

ಉತ್ತರ: ಮಾಡಬಹುದು. ನಿಮ್ಮ ಹೆಂಡತಿ ಹಾಕಿದ ಷರತ್ತಿನಲ್ಲೇ ಮುಕ್ಕಾಲು ಕೆಲಸ ಅಡಗಿದೆ ನೋಡಿ. ಫಿಶ್ ಟ್ಯಾಂಕ್ ಮಾಡುವವರು ಕೆಳಗೆ ನೀರು ಸೋರದ ಹಾಗೆ ನೋಡಿಕೊಳ್ಳುತ್ತಾರೆ, ಮೇಲಿನದನ್ನು ಅಷ್ಟು ತಲೆಗೆ ಹಚ್ಚಿಕೊಳ್ಳುವುದಿಲ್ಲ. ಹಾವಿನ ವಿಷಯದಲ್ಲಿ ಇದು ಪೂರಾ ಉಲ್ಟಾ. ಮೂಲೆಯಲ್ಲಿ ನೀರು ಒಸರಿದರೂ ನಡೆಯುತ್ತದೆ, ಮೇಲೆ ಪೆನ್ಸಿಲ್ ತೂರುವಷ್ಟು ಸಂದು ಇದ್ದರೂ ನಡೆಯುವುದಿಲ್ಲ. ಕಾರ್ನ್ ಸ್ನೇಕ್ ಮರಿ ನಿಜವಾಗಿಯೂ ಪೆನ್ಸಿಲ್ ದಪ್ಪವೇ ಇರುತ್ತದೆ, ಉದ್ದ ಒಂದು ಅಡಿಯೊಳಗೆ. ತಲೆ ತೂರಿತು ಅಂದರೆ ಮೈ ಎಲ್ಲ ತೂರಿದ ಹಾಗೇ.

ಹಾಗಾಗಿ ಮೀನಿನ ಟ್ಯಾಂಕಿನ ಪ್ಲಾಸ್ಟಿಕ್ ಮುಚ್ಚಳವನ್ನು ಮರೆತುಬಿಡಿ. ಅದರಲ್ಲಿ ಫಿಲ್ಟರಿಗೆ, ವೈರಿಗೆ, ಊಟ ಹಾಕುವುದಕ್ಕೆ ಅಂತ ಕಂಡಿಗಳೇ ಜಾಸ್ತಿ. ನಿಮ್ಮದು 40 ಬ್ರೀಡರ್ ಅನ್ನುವ ಅಳತೆ ಆಗಿದ್ದರೆ ಉದ್ದ 36 ಇಂಚು, ಅಗಲ 18, ಎತ್ತರ 16ರ ಹತ್ತಿರ ಇರುತ್ತದೆ. ಆ ಅಳತೆಗೇ ಲೋಹದ ಜಾಲರಿ ಮುಚ್ಚಳ ಅಂಗಡಿಯಲ್ಲಿ ಸಿಗುತ್ತದೆ. ನಾಲ್ಕೂ ಬದಿಗೆ ಕ್ಲಿಪ್ ಹಾಕಿ. ಮೇಲೆ ಪುಸ್ತಕ ಹೇರಿದರೆ ಸಾಲದಾ ಅಂತ ಕೇಳಬೇಡಿ. ನಾನು ಅಮೆರಿಕದಲ್ಲಿದ್ದಾಗ ಎರಡು ದಪ್ಪ ನಿಘಂಟು ಹೇರಿ ಮಲಗಿದ್ದೆ, ಬೆಳಿಗ್ಗೆ ನಿಘಂಟು ಇತ್ತು, ಹಾವಿರಲಿಲ್ಲ. ಒಂದು ಮೂಲೆಯನ್ನು ಮೂತಿಯಿಂದ ಎತ್ತಿ ಎತ್ತಿ ನೋಡಿ, ಸಡಿಲ ಇದ್ದ ಕಡೆ ತೂರಿಕೊಂಡಿತ್ತು. ರಾತ್ರಿಯಿಡೀ ಅದಕ್ಕೆ ಬೇರೆ ಕೆಲಸ ಏನಿದೆ ಹೇಳಿ? ಒಂಬತ್ತು ದಿನ ಆದಮೇಲೆ ಫ್ರಿಜ್ ಹಿಂದೆ ಸಿಕ್ಕಿತು.

ಈಗ ಸೋರುವ ಮೂಲೆ. ಅದು ಬರೀ ಸಿಲಿಕೋನ್ ಬಿಟ್ಟುಕೊಂಡಿರುವುದಾ, ಗಾಜೇ ಸೀಳಿರುವುದಾ ಅಂತ ಬೆಳಕು ಹಿಡಿದು ನೋಡಿ. ಸಿಲಿಕೋನ್ ಆದರೆ ಸಡಿಲವಾದದ್ದನ್ನು ಬ್ಲೇಡಿನಲ್ಲಿ ಕೆರೆದು ತೆಗೆದು, ಅಕ್ವೇರಿಯಂಗೆ ಅಂತಲೇ ಬರುವ ಸಿಲಿಕೋನ್ ಹಚ್ಚಿ. ಬಚ್ಚಲುಮನೆಗೆ ಹಚ್ಚುವ ಬೂಷ್ಟು ತಡೆಯುವ ಸಿಲಿಕೋನ್ ಬೇಡ, ಅದರಲ್ಲಿ ವಿಷ ಇರುತ್ತದೆ. ಹಚ್ಚಿದ ಮೇಲೆ ವಿನೆಗರ್ ತರಹ ಒಂದು ವಾಸನೆ ಬರುತ್ತದಲ್ಲ, ಅದು ಪೂರ್ತಿ ಹೋಗುವ ತನಕ ಹಾವು ತರಬೇಡಿ. ತಳದ ಗಾಜೇ ಬಿರುಕು ಬಿಟ್ಟಿದ್ದರೆ ಮಾತ್ರ ಟ್ಯಾಂಕನ್ನು ಕೈಬಿಡಿ. ಅದರ ಕೆಳಗೆ ನೀವು ಶಾಖ ಕೊಡುವವರು, ಬಿರುಕು ಬೆಳೆಯುತ್ತದೆ.

ತೊಳೆಯುವುದರಲ್ಲಿ ನಮ್ಮವರು ಮಾಡುವ ಒಂದು ತಪ್ಪು ಇದೆ. ಗಾಜಿನ ಮೇಲೆ ಕಟ್ಟಿದ ಬಿಳಿ ಸುಣ್ಣದ ಕಲೆಗೆ ವಿನೆಗರ್ ಸಾಕು. ಕ್ರಿಮಿ ಸಾಯಲು ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ ಒರೆಸಿ, ಹತ್ತು ನಿಮಿಷ ಬಿಟ್ಟು, ವಾಸನೆ ಹೋಗುವ ತನಕ ತೊಳೆದು ಬಿಸಿಲಿಗಿಡಿ. ಎರಡನ್ನೂ ಒಟ್ಟಿಗೆ ಬಳಸಬೇಡಿ, ವಿನೆಗರ್ ಬ್ಲೀಚಿಗೆ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ. ಇನ್ನು ಫಿನಾಯಿಲ್. ಊರಿಂದ ಬಂದ ಯಾರಾದರೂ ‘ಒಂದು ಮುಚ್ಚಳ ಫಿನಾಯಿಲ್ ಹಾಕಿ ಒರೆಸಿಬಿಡು’ ಅಂದರೆ ದಯವಿಟ್ಟು ತಡೆಯಿರಿ. ಫಿನಾಲ್ ಇರುವ ಯಾವುದೇ ದ್ರಾವಣ ಹಾವಿಗೆ ವಿಷ.

ಇರುವ ಸಾಮಾನಿನಲ್ಲಿ ಯಾವುದು ಬರುತ್ತದೆ? ಟ್ಯಾಂಕಿನ ಸ್ಟ್ಯಾಂಡ್ ಬರುತ್ತದೆ. ಎಲ್‌ಇಡಿ ಲೈಟ್ ಬರುತ್ತದೆ, ಜಾಲರಿಯ ಮೇಲಿಟ್ಟು ದಿನಕ್ಕೆ 12 ಗಂಟೆ ಹಾಕಿ, ಹಗಲು ರಾತ್ರಿ ಗೊತ್ತಾಗಲಿ. ಪ್ಲಾಸ್ಟಿಕ್ ಗಿಡಗಳು, ಮರದ ತುಂಡು ಚೆನ್ನಾಗಿ ತೊಳೆದು ಒಣಗಿಸಿದರೆ ಬರುತ್ತವೆ. ಹಿಂದೆ ಅಂಟಿಸಿದ ಸಮುದ್ರದ ಚಿತ್ರದ ಹಾಳೆಯೂ ಬರುತ್ತದೆ ಅಂದರೆ ನಗಬೇಡಿ, ಅದು ಅಲ್ಲೇ ಇರಲಿ, ಉಳಿದ ಎರಡು ಬದಿಗೂ ಹೊರಗಿನಿಂದ ಏನಾದರೂ ಹಾಳೆ ಅಂಟಿಸಿ. ಮೀನಿಗೆ ನಾಲ್ಕೂ ಕಡೆ ಕಾಣಿಸಿದರೆ ಪರವಾಗಿಲ್ಲ, ಹಾವಿಗೆ ನಾಲ್ಕೂ ಕಡೆಯಿಂದ ಜನ ಓಡಾಡುವುದು ಕಂಡರೆ ಅದು ಹೆದರಿ ಊಟ ಬಿಡುತ್ತದೆ. ಫಿಲ್ಟರ್, ಕಲ್ಲು ಬೇಡ. ಮೀನಿನ ಹೀಟರಂತೂ ಬೇಡವೇ ಬೇಡ, ಅದು ನೀರಿನೊಳಗೆ ಮಾತ್ರ ಕೆಲಸ ಮಾಡುವಂಥದ್ದು, ಗಾಳಿಯಲ್ಲಿ ಹಾಕಿದರೆ ಸುಟ್ಟು ಒಡೆಯುತ್ತದೆ.

ಶಾಖದ ವಿಷಯ ಸ್ವಲ್ಪ ನಿಧಾನಕ್ಕೆ ಓದಿ, ಇಲ್ಲೇ ಜಾಸ್ತಿ ಜನ ಎಡವುವುದು. ಹಾವಿಗೆ ನಮ್ಮ ಹಾಗೆ ಒಳಗಿನ ಒಲೆ ಇಲ್ಲ. ಚಳಿ ಆದರೆ ಬೆಚ್ಚಗಿನ ಕಡೆ ಹೋಗುತ್ತದೆ, ಸೆಕೆ ಆದರೆ ತಂಪಿನ ಕಡೆ. ಹಾಗಾಗಿ ಇಡೀ ಟ್ಯಾಂಕ್ ಒಂದೇ ಬಿಸಿ ಇರಬಾರದು. ಒಂದು ತುದಿ 29ರಿಂದ 31 ಡಿಗ್ರಿ, ನಿಮ್ಮ ಫ್ಯಾರನ್‌ಹೀಟ್ ಲೆಕ್ಕದಲ್ಲಿ 84ರಿಂದ 88. ಇನ್ನೊಂದು ತುದಿ 22ರಿಂದ 25, ಅಂದರೆ 72ರಿಂದ 77. ಇದಕ್ಕೆ ಹೀಟ್ ಮ್ಯಾಟ್ ಅಂತ, ಕರೆಂಟಿನಲ್ಲಿ ಬಿಸಿಯಾಗುವ ತೆಳು ಹಾಳೆ ಸಿಗುತ್ತದೆ. ಅದನ್ನು ತಳದ ಮೂರನೇ ಒಂದು ಭಾಗಕ್ಕೆ, ಹೊರಗಡೆಯಿಂದ ಅಂಟಿಸಬೇಕು. ಒಮ್ಮೆ ಅಂಟಿಸಿದರೆ ಕಿತ್ತು ಮತ್ತೆ ಬಳಸುವ ಹಾಗಿಲ್ಲ, ಜಾಗ ನೋಡಿಕೊಂಡು ಅಂಟಿಸಿ. ಟ್ಯಾಂಕಿಗೆ ಕೆಳಗೆ ಪ್ಲಾಸ್ಟಿಕ್ ಪಟ್ಟಿ ಇದ್ದರೆ ಗಾಜು ಸ್ಟ್ಯಾಂಡಿನಿಂದ ಸ್ವಲ್ಪ ಮೇಲೇ ಇರುತ್ತದೆ, ಗಾಳಿ ಆಡುತ್ತದೆ. ಪಟ್ಟಿ ಇಲ್ಲದ ಟ್ಯಾಂಕ್ ಆದರೆ ನಾಲ್ಕು ಮೂಲೆಗೆ ರಬ್ಬರ್ ಕಾಲು ಕೊಟ್ಟು ಎತ್ತಿ, ಇಲ್ಲವಾದರೆ ಶಾಖ ಅಲ್ಲೇ ಕಟ್ಟಿಕೊಂಡು ಗಾಜು ಸೀಳಬಹುದು.

ಬಿಸಿಯನ್ನು ಮಿತಿಯಲ್ಲಿ ಹಿಡಿದಿಡುವ ಥರ್ಮೋಸ್ಟಾಟ್ ಇಲ್ಲದೆ ಮ್ಯಾಟ್ ಹಾಕಲೇಬೇಡಿ. ಸುಮ್ನೆ ಪ್ಲಗ್ ಚುಚ್ಚಿ ಬಿಟ್ಟರೆ ಮ್ಯಾಟ್ 40 ಡಿಗ್ರಿ ದಾಟಿ ಹೋಗುತ್ತದೆ, ಹಾವು ಹೊಟ್ಟೆ ಸುಟ್ಟುಕೊಂಡರೂ ಅಲ್ಲೇ ಮಲಗಿರುತ್ತದೆ. ಥರ್ಮೋಸ್ಟಾಟಿನ ಪ್ರೋಬನ್ನು, ಅಂದರೆ ಬಿಸಿ ಅಳೆಯುವ ವೈರಿನ ತುದಿಯನ್ನು, ಮ್ಯಾಟ್ ಮತ್ತು ಗಾಜಿನ ನಡುವೆ ಹೊರಗೇ ಇಡಿ. ಒಳಗಿನ ನೆಲದ ಬಿಸಿಯನ್ನು ಬೇರೆ ಡಿಜಿಟಲ್ ಥರ್ಮಾಮೀಟರಿನಲ್ಲಿ ನೋಡಿ, ಅದಕ್ಕೆ ತಕ್ಕ ಹಾಗೆ ಥರ್ಮೋಸ್ಟಾಟನ್ನು ಹೆಚ್ಚು ಕಮ್ಮಿ ಮಾಡಿ. ಹಾವು ತರುವ ಮೊದಲು ಖಾಲಿ ಟ್ಯಾಂಕನ್ನೇ ಒಂದು ವಾರ ಹೀಗೆ ಓಡಿಸಿ. ಬೇಸ್‌ಮೆಂಟಿನಲ್ಲಿ ಬೇಡ, ನಿಮ್ಮ ಜನವರಿ ಚಳಿಗೆ ಮ್ಯಾಟ್ ಒಂದೇ ಸಾಕಾಗುವುದಿಲ್ಲ. ಅಲ್ಲೇ ಇಡುತ್ತೇವೆ ಅನ್ನುವುದಾದರೆ ಜಾಲರಿಯ ಮೇಲಿನಿಂದ ಬಿಸಿ ಬಲ್ಬೂ ಬೇಕು, ಅದಕ್ಕೂ ಥರ್ಮೋಸ್ಟಾಟ್ ಬೇಕು.

ಇಲ್ಲೇ ಇನ್ನೊಂದು ಮಾತು. ಟ್ಯಾಂಕಿನ ಒಳಗೆ ಎಲ್ಲೂ ಸೆಲ್ಲೋ ಟೇಪ್ ಬಳಸಬೇಡಿ. ನಾನು ಥರ್ಮಾಮೀಟರಿನ ವೈರ್ ಅಂಟಿಸಲು ಒಂದು ತುಂಡು ಹಾಕಿದ್ದೆ, ಅದು ಬಿಟ್ಟುಕೊಂಡು ಹಾವಿನ ಮೈಗೆ ಸುತ್ತಿಕೊಂಡಿತು. ಎಳೆದರೆ ಚರ್ಮವೇ ಬರುತ್ತದೆ. ಕೊನೆಗೆ ಕೊಬ್ಬರಿ ಎಣ್ಣೆ ಸವರುತ್ತಾ ಮುಕ್ಕಾಲು ಗಂಟೆ ಕೂತು ಬಿಡಿಸಿದೆ. ಮುಗಿಯುವ ಹೊತ್ತಿಗೆ ಅದಕ್ಕಿಂತ ನನಗೇ ಸುಸ್ತಾಗಿತ್ತು.

ನೆಲಕ್ಕೆ ಆಸ್ಪೆನ್ ಮರದ ಹೊಟ್ಟು ಒಳ್ಳೆಯದು, ಹಾವು ಅದರಲ್ಲಿ ಸುರಂಗ ಕೊರೆದುಕೊಂಡು ಆಟ ಆಡುತ್ತದೆ. ನಮ್ಮ ಕೋಕೋಪೀಟ್ ಕೂಡ ಆಗುತ್ತದೆ. ಸೀಡರ್ ಮರದ ಹೊಟ್ಟು, ಪೈನ್ ಹೊಟ್ಟು ಬೇಡ. ವಾಸನೆ ನಮಗೆ ಚೆನ್ನ, ಆ ಎಣ್ಣೆ ಅದರ ಉಸಿರಿಗೆ ಕೆಡುಕು. ಮ್ಯಾಟ್ ಇರುವ ಕಡೆ ಒಂದು ಇಂಚಿಗಿಂತ ದಪ್ಪ ಹಾಕಬೇಡಿ, ಬಿಸಿ ಮೇಲೆ ಬರುವುದಿಲ್ಲ. ಅಡಗಲು ಎರಡು ಗೂಡು ಬೇಕು, ಬೆಚ್ಚಗಿನ ಕಡೆ ಒಂದು, ತಂಪಿನ ಕಡೆ ಒಂದು. ಒಂದೇ ಇಟ್ಟರೆ ಅದು ಶಾಖಕ್ಕೂ ಭದ್ರತೆಗೂ ನಡುವೆ ಒಂದನ್ನು ಆರಿಸಬೇಕಾಗುತ್ತದೆ. ದುಡ್ಡು ಕೊಟ್ಟು ಗುಹೆ ತರಬೇಕು ಅಂತಿಲ್ಲ, ಬೋರಲು ಹಾಕಿದ ಪ್ಲಾಸ್ಟಿಕ್ ಡಬ್ಬಿಗೆ ಬಾಗಿಲು ಕತ್ತರಿಸಿದರೂ ಸಾಕು, ಮೈ ಒತ್ತಿಕೊಂಡು ಕೂರುವಷ್ಟು ಇಕ್ಕಟ್ಟಾಗಿರಲಿ. ಒಂದು ಭಾರದ ನೀರಿನ ಬಟ್ಟಲು. ಜಾಲರಿಯಿಂದ ತೇವ ಬೇಗ ಹಾರುತ್ತದೆ, ಹೀಟರ್ ಉರಿಯುವ ಚಳಿಗಾಲದ ಮನೆಯಲ್ಲಿ ಇನ್ನೂ ಬೇಗ. ಗಾಳಿಯ ತೇವ 40ರಿಂದ 60 ಶೇಕಡಾ ಇರಬೇಕು. ಮುಚ್ಚಳದ ಅರ್ಧಕ್ಕೆ ಅಲ್ಯೂಮಿನಿಯಂ ಹಾಳೆ ಮುಚ್ಚಿ. ಪೊರೆ ಬಿಡುವ ಹೊತ್ತಿಗೆ ಕಣ್ಣು ಹಾಲಿನ ಹಾಗೆ ಮಂಕಾಗುತ್ತದೆ, ಆಗ ಒಂದು ಡಬ್ಬಿಯಲ್ಲಿ ಒದ್ದೆ ಪಾಚಿ (ಮಾಸ್) ಹಾಕಿಡಿ. ಪೊರೆ ಒಂದೇ ತುಂಡಾಗಿ, ಕಾಲುಚೀಲ ತೆಗೆದ ಹಾಗೆ ಬಂದರೆ ತೇವ ಸರಿಯಿದೆ ಅಂತ. ಚೂರು ಚೂರಾಗಿ ಬಂದರೆ ಸಾಲದು ಅಂತ.

ಕೆಲವರು ಟ್ಯಾಂಕನ್ನು ಮಗ್ಗುಲಿಗೆ ಮಲಗಿಸಿ, ತೆರೆದ ಬಾಯಿ ಮುಂದಕ್ಕೆ ಬರುವ ಹಾಗೆ ಇಟ್ಟು, ಅಲ್ಲಿಗೆ ಅಕ್ರಿಲಿಕ್ ಬಾಗಿಲು ಮಾಡುತ್ತಾರೆ. ಐಡಿಯಾ ಒಳ್ಳೆಯದೇ. ಮೇಲಿನಿಂದ ಇಳಿಯುವ ಕೈ ಹಾವಿಗೆ ಹದ್ದಿನ ಹಾಗೆ ಕಾಣುತ್ತದೆ, ಮುಂದಿನಿಂದ ಬಂದರೆ ಅಷ್ಟು ಗಾಬರಿಯಿಲ್ಲ. ಆದರೆ ಕೀಲು, ಚಿಲಕ, ಗಾಳಿಕಂಡಿ ಎಲ್ಲ ಸಂದಿಲ್ಲದ ಹಾಗೆ ಕೂರಿಸುವ ಕೈ ನಿಮ್ಮದಾಗಿದ್ದರೆ ಮಾತ್ರ. ಗಾಜಿಗೆ ತೂತು ಕೊರೆಯಲು ಹೋಗಬೇಡಿ, ಹದ ಮಾಡಿದ ಗಟ್ಟಿ ಗಾಜು ಆಗಿದ್ದರೆ ಡ್ರಿಲ್ ತಗುಲಿದ ಕೂಡಲೇ ಇಡೀ ಹಲಗೆ ಪುಡಿ.

ಮರಿಗೆ ಈ ಟ್ಯಾಂಕ್ ಧಾರಾಳ. ಖಾಲಿ ಜಾಗ ಕಂಡರೆ ಹೆದರುತ್ತದೆ, ಎಲೆ ಕೊಂಬೆ ತುಂಬಿಸಿ. ಆದರೆ ಕಾರ್ನ್ ಸ್ನೇಕ್ ಮೂರರಿಂದ ಐದು ಅಡಿ ಬೆಳೆಯುತ್ತದೆ, 15–20 ವರ್ಷ ಬದುಕುತ್ತದೆ. ಎರಡು ಮೂರು ವರ್ಷ ಕಳೆದ ಮೇಲೆ ನಾಲ್ಕು ಅಡಿ ಉದ್ದದ ಮನೆ ಕೊಡಬೇಕು ಅಂತ ನನ್ನ ಅಭಿಪ್ರಾಯ. ಆ ಹೊತ್ತಿಗೆ ಮಗಳು ಹೈಸ್ಕೂಲು, ಆಮೇಲೆ ಕಾಲೇಜಿಗೆ ಬೇರೆ ಊರು. ಹಾವು ನಿಮ್ಮ ಜೊತೆಗೇ ಉಳಿಯುತ್ತದೆ, ಇದನ್ನು ಈಗಲೇ ಗಂಡ ಹೆಂಡತಿ ಕೂತು ಮಾತಾಡಿಕೊಳ್ಳಿ.

ಮಾತಾಡಬೇಕಾದ ಇನ್ನೊಂದು ವಿಷಯವನ್ನು ನಿಮ್ಮ ಪತ್ರದಲ್ಲಿ ಬರೆದೇ ಇಲ್ಲ. ಊಟ. ಅದು ಇಲಿ ತಿನ್ನುತ್ತದೆ, ಇಲಿಯನ್ನೇ ತಿನ್ನುತ್ತದೆ. ಅನ್ನ, ಮೊಟ್ಟೆ ಪಲ್ಯ ಯಾವುದೂ ನಡೆಯುವುದಿಲ್ಲ. ಅಂಗಡಿಯಲ್ಲಿ ಸತ್ತ ಇಲಿಮರಿಗಳು ಐಸ್ ಕಟ್ಟಿ ಪ್ಯಾಕೆಟ್ಟಿನಲ್ಲಿ ಸಿಗುತ್ತವೆ. ಹಾವಿನ ಮೈ ಎಲ್ಲಿ ಅತಿ ದಪ್ಪವೋ ಅದಕ್ಕೆ ಸಮ, ಅಬ್ಬಬ್ಬಾ ಅಂದರೆ ಒಂದೂವರೆ ಪಾಲು ದಪ್ಪದ ಇಲಿ. ಮರಿಗೆ ಐದರಿಂದ ಏಳು ದಿನಕ್ಕೊಂದು, ದೊಡ್ಡದಕ್ಕೆ ಹತ್ತರಿಂದ ಹದಿನಾಲ್ಕು ದಿನಕ್ಕೊಂದು. ಕವರಿನಲ್ಲಿ ಹಾಕಿ ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಇಕ್ಕಳದಲ್ಲಿ ಹಿಡಿದು ಕೊಡಬೇಕು. ಮೈಕ್ರೋವೇವಿನಲ್ಲಿ ಇಡಬೇಡಿ, ಒಡೆಯುತ್ತದೆ, ಆಮೇಲೆ ಮನೆಯಲ್ಲಿ ನಿಮ್ಮ ಕಥೆ ಮುಗಿದ ಹಾಗೆ. ಈಗ ಹೇಳಿ, ಆ ಪ್ಯಾಕೆಟ್ ಎಲ್ಲಿಡುತ್ತೀರಿ? ತುರಿದ ತೆಂಗಿನಕಾಯಿ ಪಕ್ಕದಲ್ಲಾ? ನನಗೆ ಗೊತ್ತಿದ್ದ ಒಂದು ಸಸ್ಯಾಹಾರಿ ಮನೆಯಲ್ಲಿ ಟ್ಯಾಂಕ್, ಮ್ಯಾಟ್, ಥರ್ಮೋಸ್ಟಾಟ್, ಎಲ್ಲ ಸಜ್ಜಾದ ಮೇಲೆ ಈ ಪ್ಯಾಕೆಟ್ ಬಂತು, ಹಾವು ಬರಲೇ ಇಲ್ಲ. ಗ್ಯಾರೇಜಿನಲ್ಲಿ ಒಂದು ಸಣ್ಣ ಫ್ರೀಜರ್ ಇಟ್ಟುಕೊಂಡರೆ ಜಗಳ ಕಮ್ಮಿ. ಊಟ ಆದಮೇಲೆ ಎರಡು ದಿನ ಹಾವನ್ನು ಮುಟ್ಟಬಾರದು, ಕಕ್ಕಿಬಿಡುತ್ತದೆ. ಮುಟ್ಟಿದಾಗಲೆಲ್ಲ ಸೋಪು ಹಾಕಿ ಕೈ ತೊಳೆಯಬೇಕು, ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ. ಐದು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಸರೀಸೃಪ ಸಾಕಬೇಡಿ ಅಂತ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯೇ ಹೇಳುತ್ತದೆ.

ಬಾಡಿಗೆ ಮನೆಯಾದರೆ ಕರಾರು ಪತ್ರ ಓದಿ. ಬೇರೆ ರಾಜ್ಯಕ್ಕೆ ಮನೆ ಬದಲಿಸುವ ಮುಂಚೆ ಅಲ್ಲಿನ ಕಾನೂನು ನೋಡಿ: ಜಾರ್ಜಿಯಾದಲ್ಲಿ ಕಾರ್ನ್ ಸ್ನೇಕ್ ಅಲ್ಲಿನ ಕಾಡಿನದೇ ಹಾವು, ಸಾಕುವ ಹಾಗಿಲ್ಲ. ಹವಾಯಿಯಲ್ಲಂತೂ ಯಾವ ಹಾವನ್ನೂ ಸಾಕುವಂತಿಲ್ಲ.

ಪ್ರಶ್ನೆ: ಮೈಸೂರಿನಿಂದ ಬರೆಯುತ್ತಿದ್ದೇನೆ, ಎರಡನೇ ಪಿಯುಸಿ. ಹಿತ್ತಲಲ್ಲಿ ಒಂದು ಕೇರೆ ಮರಿ ಸಿಕ್ಕಿದೆ. ವಿಷ ಇಲ್ಲ ಅಂತ ಗೊತ್ತು. ಹಳೇ ಫಿಶ್ ಟ್ಯಾಂಕ್ ಇದೆ. ಅದರಲ್ಲಿ ಸಾಕಬಹುದಾ?

ಉತ್ತರ: ಬೇಡಪ್ಪಾ. ಮೇಲೆ ಇಷ್ಟುದ್ದ ಬರೆದದ್ದು ಅಮೆರಿಕದಲ್ಲಿ ಮನೆಯಲ್ಲೇ ತಲೆಮಾರುಗಳಿಂದ ಮರಿ ಮಾಡಿಸಿದ ಹಾವಿನ ವಿಷಯ. ನಿನ್ನ ಕೈಲಿರುವುದು ಕಾಡುಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಕೇರೆಯೂ ಇದೆ, ನಾಗರವೂ ಇದೆ. ಹಿಡಿದು ಇಟ್ಟುಕೊಳ್ಳುವುದೇ ಅಪರಾಧ, ವಿಷ ಇದೆಯೋ ಇಲ್ಲವೋ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಇನ್ನು ‘ಗೊತ್ತು’ ಅನ್ನುವ ನಿನ್ನ ಮಾತಿನ ಬಗ್ಗೆ. ವಿಷದ ಕೊಳಕುಮಂಡಲದ ಮರಿಯನ್ನು ಹೆಬ್ಬಾವಿನ ಮರಿ ಅಂತ, ವಿಷದ ಕಟ್ಟಿನ ಹಾವನ್ನು ವಿಷವಿಲ್ಲದ ತೋಳದ ಹಾವು ಅಂತ ತಿಳಿದು ಕೈ ಹಾಕಿದವರು ತುಂಬಾ ಜನ ಇದ್ದಾರೆ. ಸಿಕ್ಕ ಹಿತ್ತಲಿಗೇ ಅದನ್ನು ಬಿಡು. ಕೈಯಲ್ಲಿ ಮುಟ್ಟಬೇಡ, ಡಬ್ಬಿಯನ್ನು ಕೋಲಿನಲ್ಲಿ ಓರೆ ಮಾಡಿದರೆ ಅದೇ ಹೋಗುತ್ತದೆ. ಧೈರ್ಯ ಸಾಲದಿದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡು, ಬೈಯುವುದಿಲ್ಲ. ಹಾವಿನ ಮೇಲೆ ಆಸಕ್ತಿ ಇದ್ದರೆ ಕ್ಯಾಮೆರಾ ಹಿಡಿ. ಆಗುಂಬೆಯಲ್ಲಿ 2005ರಿಂದ ಮಳೆಕಾಡು ಸಂಶೋಧನಾ ಕೇಂದ್ರ ಇದೆ, ಕಾಳಿಂಗ ಸರ್ಪವನ್ನು ಅದರ ಕಾಡಿನಲ್ಲೇ ಓದುವವರು ಅಲ್ಲಿದ್ದಾರೆ, ಡಿಗ್ರಿಗೆ ಏನು ಓದಬೇಕು ಅನ್ನುವ ಯೋಚನೆ ಇದ್ದರೆ ಆ ಕಡೆ ಒಮ್ಮೆ ನೋಡು.

ಪ್ರಶ್ನೆ: ಬೆಂಗಳೂರಿನ ಗೆಳೆಯನೊಬ್ಬ ಬಾಲ್ ಪೈಥಾನ್ ಸಾಕಿದ್ದಾನೆ. ‘ವಿದೇಶಿ ಹಾವು, ಯಾವ ಕಾನೂನೂ ಇಲ್ಲ’ ಅನ್ನುತ್ತಾನೆ. ಹೌದಾ?

ಉತ್ತರ: ಹಿಂದೆ ಸಡಿಲ ಇತ್ತು, ಈಗ ಇಲ್ಲ. ಬಾಲ್ ಪೈಥಾನ್, ಕಾಡುಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಮಿತಿ ಹಾಕುವ ಸೈಟ್ಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. 2022ರಲ್ಲಿ ನಮ್ಮ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಆಗಿ, 2024ರಲ್ಲಿ ನಿಯಮ ಬಂದ ಮೇಲೆ ಇಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕೊಂಡದ್ದಕ್ಕೆ ಕಾಗದ ಇದೆಯಾ ಅಂತ ಗೆಳೆಯನನ್ನೇ ಕೇಳಿ. ಅವನು ಮಾತು ಬದಲಿಸಿದರೆ ಉತ್ತರ ಸಿಕ್ಕಿತು ಅಂತ ತಿಳಿಯಿರಿ.

ಪ್ರಶ್ನೆ: ಹಾವು ಟ್ಯಾಂಕಿನಿಂದ ತಪ್ಪಿಸಿಕೊಂಡಿದೆ, ಮೂರು ದಿನ ಆಯಿತು. ದಯವಿಟ್ಟು ಬೇಗ ತಿಳಿಸಿ. (ಇಂಗ್ಲೆಂಡಿನ ರೆಡಿಂಗ್‌ನಿಂದ)

ಉತ್ತರ: ಇವರಿಗೆ ಆಗಲೇ ಫೋನಿನಲ್ಲಿ ಹೇಳಿದ್ದಾಯಿತು, ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಹಾವು ಬೆಚ್ಚಗಿನ, ಕತ್ತಲೆಯ, ಇಕ್ಕಟ್ಟಿನ ಜಾಗ ಹುಡುಕುತ್ತದೆ: ಫ್ರಿಜ್ ಹಿಂದೆ, ವಾಷಿಂಗ್ ಮಷೀನ್ ಕೆಳಗೆ, ನೀರು ಕಾಯಿಸುವ ಬಾಯ್ಲರ್ ಪಕ್ಕ, ಸೋಫಾದ ಹೊಲಿಗೆಯೊಳಗೆ. ಮೊದಲು ಟಾಯ್ಲೆಟ್ ಮುಚ್ಚಳ ಹಾಕಿ. ರಾತ್ರಿ ಮಲಗುವಾಗ ಪ್ರತಿ ಕೋಣೆಯ ಹೊಸಲಿಗೆ ಅಡ್ಡಲಾಗಿ ಮೈದಾ ಹಿಟ್ಟಿನ ಒಂದು ಗೆರೆ ಎಳೆಯಿರಿ, ರಂಗೋಲಿ ಎಳೆದ ಹಾಗೆ. ಬೆಳಿಗ್ಗೆ ಎಲ್ಲಿ ಗೆರೆ ಅಳಿಸಿದೆಯೋ ಆ ಕೋಣೆಯ ಬಾಗಿಲು ಹಾಕಿಕೊಂಡು, ಗೋಡೆಯ ಅಂಚು ಹಿಡಿದು ಟಾರ್ಚಿನಲ್ಲಿ ಹುಡುಕಿ. ಆ ಕೋಣೆಯಲ್ಲಿ ಒಂದು ಗೂಡು, ನೀರು ಇಟ್ಟು, ಉಳಿದ ಕಡೆ ಶಾಖ ಕಮ್ಮಿ ಮಾಡಿದರೆ ಕೆಲವು ಸಲ ಅದೇ ಬಂದು ಕೂತಿರುತ್ತದೆ. ಊಟವಿಲ್ಲದೆ ಕೆಲವು ವಾರ ತಡೆದುಕೊಳ್ಳುತ್ತದೆ, ಗಾಬರಿ ಬೇಡ. ಸಿಕ್ಕಿದ ದಿನವೇ ಕ್ಲಿಪ್ ತನ್ನಿ.

ಪ್ರಶ್ನೆ: ನಾನು ಹಾಸನದವಳು, ವಯಸ್ಸು 68. ಮಗ ಸೊಸೆ ಅಮೆರಿಕದಲ್ಲಿದ್ದಾರೆ, ಮೊಮ್ಮಗ ಗಾಜಿನ ಪೆಟ್ಟಿಗೆಯಲ್ಲಿ ಹಾವು ಸಾಕಿದ್ದಾನಂತೆ. ಶ್ರಾವಣದಲ್ಲಿ ಅಲ್ಲೇ ಇರುತ್ತೇನೆ. ಪಂಚಮಿಗೆ ಹುತ್ತಕ್ಕೆ ತನಿ ಎರೆಯದೆ ಒಂದು ವರ್ಷವೂ ಬಿಟ್ಟಿಲ್ಲ. ಅಲ್ಲಿ ಈ ಹಾವಿಗೇ ಹಾಲು ಇಡಬಹುದೇ? ಹೆದರಿಕೆಯೂ ಆಗುತ್ತದೆ.

ಉತ್ತರ: ಅಮ್ಮ, ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಹಾಲು ಮಾತ್ರ ಇಡಬೇಡಿ. ಹಾವಿಗೆ ಹಾಲು ಅರಗುವುದಿಲ್ಲ. ಬಾಯಾರಿ ಬಾಯಾರಿ ಇದ್ದರೆ ಏನು ಸಿಕ್ಕಿದರೂ ಕುಡಿಯುತ್ತದೆ, ಆಮೇಲೆ ಕಾಯಿಲೆ ಬೀಳುತ್ತದೆ. ಮನೆಯಲ್ಲಿ ಬೆಳ್ಳಿಯದೋ ಕಲ್ಲಿನದೋ ಸಣ್ಣ ನಾಗಪ್ಪ ಇದ್ದರೆ ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಿ, ತನಿ ಅದಕ್ಕೆ ಎರೆಯಿರಿ. ಪೆಟ್ಟಿಗೆಯ ಹಾವಿಗೆ ಅವತ್ತು ಬಟ್ಟಲು ತೊಳೆದು ಹೊಸ ನೀರು ಹಾಕಿ. ಕುಂಕುಮ, ಅರಿಶಿನ, ಊದುಬತ್ತಿ ಆ ಕೋಣೆಯಲ್ಲಿ ಬೇಡ, ಅದರ ಉಸಿರಿಗೆ ಆಗಿಬರುವುದಿಲ್ಲ.

ಹೆದರಿಕೆಗೆ ಒಂದು ಮಾತು. ಅಮೆರಿಕದ ಮನೆಗಳಲ್ಲಿ ತುಂಬಾ ಜನ ಸಾಕುತ್ತಾರೆ ನಮ್ಮ ಕೇರೆಯ ಸಂಬಂಧಿಯಾದ ಕಾರ್ನ್ ಸ್ನೇಕನ್ನು, ಕಾರ್ನ್ ಅಂದರೆ ಮುಸುಕಿನ ಜೋಳ. ಹೊಟ್ಟೆಯ ಮೇಲಿನ ಚೌಕುಳಿ ಜೋಳದ ಕಾಳಿನ ಹಾಗೆ ಕಾಣುತ್ತದೆ ಅಂತ ಕೆಲವರು, ಜೋಳದ ಕಣಜದಲ್ಲಿ ಇಲಿ ಹಿಡಿಯುತ್ತಿತ್ತು ಅಂತ ಕೆಲವರು ಆ ಹೆಸರಿಗೆ ಕಾರಣ ಹೇಳುತ್ತಾರೆ. ವಿಷ ಇಲ್ಲ, ಹೆಡೆ ಇಲ್ಲ. ಮೊಮ್ಮಗನದು ಅದೇ ಹಾವಾ ಅಂತ ಹೊರಡುವ ಮುಂಚೆ ಕೇಳಿಕೊಳ್ಳಿ. ಜೊತೆಗೆ ‘ಮುಚ್ಚಳಕ್ಕೆ ಕ್ಲಿಪ್ ಹಾಕಿದ್ದೀಯೇನೋ’ ಅಂತಲೂ ಕೇಳಿ. ಇಲ್ಲ ಅಂದರೆ ನೀವು ಹೋಗುವುದರೊಳಗೆ ತರಿಸಿ ಹಾಕು ಅನ್ನಿ. ಅಜ್ಜಿ ಹೇಳಿದರೆ ಬೇಗ ತರುತ್ತಾನೆ.